ಡ್ರ್ಯಾಗನ್ ಕರೆಯಿತು, ಕುರಿ ಕೂರಿಸಿತು

28 ಮಿಲಿಮೀಟರ್ ಎತ್ತರದ ಸೈನಿಕನಿಗೆ ಎಷ್ಟೇ ಶ್ರದ್ಧೆಯಿಂದ ಬಣ್ಣ ಹಚ್ಚಿದರೂ ನಾಲ್ಕು ಹೆಜ್ಜೆ ದೂರದಲ್ಲಿ ನಡೆದುಹೋಗುವವರಿಗೆ ಅವನು ಕಾಣುವುದಿಲ್ಲ. ಕಾಣುವುದು ಹಸಿರು ಹೊದಿಸಿದ ಮೇಜು, ಅದರ ಮೇಲೆ ಕಂದು ಬಣ್ಣದ ಒಂದಿಷ್ಟು ಚುಕ್ಕೆಗಳು, ಮೇಜಿನಾಚೆ ಕೈಕಟ್ಟಿ ನಿಂತ ಮೂರ್ನಾಲ್ಕು ಮಂದಿ ಮಧ್ಯವಯಸ್ಕರು. ಇಂಗ್ಲೆಂಡಿನ ಆಟಗಳ ಪ್ರದರ್ಶನಗಳಲ್ಲಿ ಬೊಂಬೆ ಸೈನಿಕರನ್ನಿಟ್ಟು ಯುದ್ಧದಾಟ ಆಡುವ ನಮ್ಮ ಕ್ಲಬ್ಬಿನ ಮೇಜು ಬಹಳ ಕಾಲ ಹೀಗೆಯೇ ಇತ್ತು. ಜನ ಬರುತ್ತಿದ್ದರು, ನಡಿಗೆಯನ್ನು ತುಸು ನಿಧಾನಿಸುತ್ತಿದ್ದರು, ನಮ್ಮ ಮುಖ ನೋಡದೆ ‘ತುಂಬ ಚೆನ್ನಾಗಿದೆ’ ಎಂದು ಹೇಳಿ ಪಕ್ಕದ ಅಂಗಡಿಗೆ ಹೋಗುತ್ತಿದ್ದರು.

ನಾನು ಕುಂದಾಪುರದ ಕಡೆಯವನು. ಕೆಲಸದ ಕಾರಣಕ್ಕೆ ನಾಟಿಂಗ್‌ಹ್ಯಾಮ್‌ಗೆ ಬಂದು ನೆಲೆಸಿದ ಮೇಲೆ ಈ ಹುಚ್ಚು ಹತ್ತಿತು. ಈ ಊರಿನಲ್ಲಿದ್ದು ಹತ್ತದಿರುವುದೇ ಕಷ್ಟ. ವಾರ್‌ಹ್ಯಾಮರ್ ಆಟವನ್ನು ತಯಾರಿಸುವ ಗೇಮ್ಸ್ ವರ್ಕ್‌ಷಾಪ್ 1975ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ್ದಾದರೂ ಅದರ ಕೇಂದ್ರ ಕಚೇರಿ ಇರುವುದು ಇಲ್ಲಿನ ಲೆಂಟನ್ ಬಡಾವಣೆಯಲ್ಲಿ. ಅದರ ಬೊಂಬೆಗಳನ್ನು ಎರಕ ಹೊಯ್ದ ಸಿಟಡೆಲ್ ಕಂಪನಿ 1979ರಲ್ಲಿ ಹತ್ತಿರದ ನ್ಯೂವಾರ್ಕ್ ಪಟ್ಟಣದಲ್ಲಿ ಶುರುವಾಯಿತು. ಅಲ್ಲಿ ಕೆಲಸ ಕಲಿತವರಲ್ಲಿ ಹಲವರು ಹೊರಗೆ ಬಂದು ಸುತ್ತಮುತ್ತಲೇ ತಮ್ಮ ತಮ್ಮ ಕಂಪನಿಗಳನ್ನು ಕಟ್ಟಿಕೊಂಡರು. ವಾರ್‌ಲಾರ್ಡ್, ಮ್ಯಾಂಟಿಕ್, ಪೆರ್ರಿ ಅವಳಿ ಸಹೋದರರದು ಎಲ್ಲವೂ ಈ ಸೀಮೆಯವೇ. ಹಳೆಯ ಬೊಂಬೆಗಳು ಸೀಸ ಬೆರೆತ ಲೋಹದವಾಗಿದ್ದುದರಿಂದ ಈ ಪ್ರದೇಶಕ್ಕೆ ‘ಲೆಡ್ ಬೆಲ್ಟ್’ ಎಂಬ ಅಡ್ಡಹೆಸರೂ ಇದೆ.

ಟೇಬಲ್‌ಟಾಪ್ ವಾರ್‌ಗೇಮ್ ಎಂದರೇನು ಎಂದು ಊರಿನವರು ಕೇಳಿದಾಗ ನಾನು ಚದುರಂಗದಿಂದಲೇ ಶುರುಮಾಡುತ್ತೇನೆ. ಅಲ್ಲಿಯೂ ಆನೆ, ಕುದುರೆ, ಕಾಲಾಳು ಇವೆ. ಆದರೆ ಇಲ್ಲಿ ಚೌಕದ ಮನೆಗಳಿಲ್ಲ. ಮೇಜಿನ ಮೇಲೆ ಗುಡ್ಡ, ಬೇಲಿ, ಹೊಳೆ ಎಲ್ಲವೂ ಪುಟ್ಟ ರೂಪದಲ್ಲಿರುತ್ತವೆ. ಪಡೆ ಎಷ್ಟು ದೂರ ಸಾಗಬಹುದು ಎಂಬುದನ್ನು ಅಳತೆಪಟ್ಟಿ ಹೇಳುತ್ತದೆ, ಹೊಡೆತ ತಾಗಿತೋ ಇಲ್ಲವೋ ಎಂಬುದನ್ನು ದಾಳ ಹೇಳುತ್ತದೆ. 1824ರಲ್ಲಿ ಪ್ರಷ್ಯಾದ ಸೇನಾಧಿಕಾರಿ ಫಾನ್ ರೈಸ್ವಿಟ್ಸ್ ನಕಾಶೆಯ ಮೇಲೆ ಆಡುವ ಇಂಥದೊಂದು ಯುದ್ಧದಾಟವನ್ನು ಅಲ್ಲಿನ ಸೇನಾ ಮುಖ್ಯಸ್ಥರಿಗೆ ತೋರಿಸಿ, ಅಧಿಕಾರಿಗಳ ತರಬೇತಿಗೆ ಅದು ಬಳಕೆಯಾಗುವಂತೆ ಮಾಡಿದ. ನಾವು ಆಡುವುದು ಅದರ ದೂರದ ಮೊಮ್ಮಗುವನ್ನು. ತರಬೇತಿಯ ಹಂಗಿಲ್ಲ, ಚಹಾ ಮತ್ತು ಬಿಸ್ಕತ್ತಿನ ಹಂಗು ಮಾತ್ರ ಇದೆ.

ನಮ್ಮ ಕ್ಲಬ್ಬಿನ ಹೆಮ್ಮೆಯ ಮೇಜು ಸ್ಟೋಕ್ ಫೀಲ್ಡ್ ಕಾಳಗದ್ದು. ನ್ಯೂವಾರ್ಕ್‌ನಿಂದ ಸ್ವಲ್ಪವೇ ದೂರದ ಈಸ್ಟ್ ಸ್ಟೋಕ್ ಹಳ್ಳಿಯ ಬಳಿ 1487ರ ಜೂನ್ 16ರಂದು ನಡೆದ ಯುದ್ಧ ಅದು. ಇಂಗ್ಲೆಂಡಿನ ದೊರೆ ಏಳನೆಯ ಹೆನ್ರಿಯ ವಿರುದ್ಧ ಲಿಂಕನ್ನಿನ ಅರ್ಲ್, ಅಂದರೆ ಅಲ್ಲಿನ ದೊಡ್ಡ ಸಾಮಂತ, ದಂಡೆತ್ತಿ ಬಂದಿದ್ದ. ಅವನ ಜೊತೆಗೆ ಮಾರ್ಟಿನ್ ಶ್ವಾರ್ಟ್ಸ್ ಎಂಬ ಜರ್ಮನ್ ದಳಪತಿಯ ಬಾಡಿಗೆ ಸೈನಿಕರು, ಮೈಗೆ ಕವಚವಿಲ್ಲದ ಐರಿಷ್ ಯೋಧರು, ಮತ್ತು ರಾಜನೆಂದು ತೋರಿಸಲು ಕರೆತಂದ ಲ್ಯಾಂಬರ್ಟ್ ಸಿಮ್ನೆಲ್ ಎಂಬ ಸುಮಾರು ಹತ್ತು ವರ್ಷದ ಹುಡುಗ. ಆ ಹುಡುಗನಿಗೆ ಡಬ್ಲಿನ್ನಿನ ಇಗರ್ಜಿಯಲ್ಲಿ ಕಿರೀಟವನ್ನೂ ಇಟ್ಟಾಗಿತ್ತು. ಸ್ಥಳೀಯ ಕಥೆ, ಸ್ಥಳೀಯ ಕ್ಲಬ್ಬು, ಚೆಂದದ ಬಾವುಟಗಳು. ಇಷ್ಟಿದ್ದೂ ಆಡಲು ಕೂರುವವರು ಬೆರಳೆಣಿಕೆಯಷ್ಟು.

ಪ್ರದರ್ಶನಗಳಲ್ಲಿಯೂ ವ್ಯತ್ಯಾಸವಿದೆ. ನ್ಯೂವಾರ್ಕ್‌ನಲ್ಲಿ ನಡೆಯುವ ಪಾರ್ಟಿಜನ್ನಿಗೆ ಬರುವವರಿಗೆ ಇತಿಹಾಸ ಗೊತ್ತಿರುತ್ತದೆ. ಶ್ವಾರ್ಟ್ಸ್‌ನ ಸೈನಿಕರ ಷರಾಯಿಯ ಪಟ್ಟೆ ತಪ್ಪಾಗಿದೆ ಎಂದು ಜಗಳವಾಡಲು ಕೂಡ ಅವರು ತಯಾರು. ಲಂಡನ್ನಿನ ಸೌತ್ ಲಂಡನ್ ವಾರ್‌ಲಾರ್ಡ್ಸ್ ಕ್ಲಬ್ 1972ರಿಂದ ನಡೆಸಿಕೊಂಡು ಬಂದ ಸಲ್ಯೂಟ್ ಕೂಡ ಬಹುಮಟ್ಟಿಗೆ ಬೊಂಬೆಯಾಟದವರ ಜಾತ್ರೆ. ಆದರೆ 2007ರಿಂದ ಬರ್ಮಿಂಗ್‌ಹ್ಯಾಮ್‌ನಲ್ಲಿ ನಡೆಯುತ್ತಿರುವ ಯುಕೆ ಗೇಮ್ಸ್ ಎಕ್ಸ್‌ಪೋದಂಥ ಕಡೆ ಬರುವುದು ಕುಟುಂಬಗಳು. ಮಗುವಿನ ಕೈಯಲ್ಲಿ ಐಸ್‌ಕ್ರೀಮು, ತಂದೆಯ ಬೆನ್ನಿಗೆ ಚೀಲ, ತಾಯಿಯ ಕಣ್ಣು ಗಡಿಯಾರದ ಮೇಲೆ. ಅವರಿಗೆ 1487 ಎಂದರೆ ಬಸ್ಸಿನ ನಂಬರು. ನಮಗೆ ಬೇಕಾಗಿದ್ದದ್ದು ಇವರೇ. ಕ್ಲಬ್ಬಿನ ಸರಾಸರಿ ವಯಸ್ಸು ವರ್ಷಕ್ಕೆ ಒಂದೊಂದೇ ಏರುತ್ತಿತ್ತು, ಅಂದರೆ ಹೊಸಬರು ಯಾರೂ ಬರುತ್ತಿರಲಿಲ್ಲ.

ಡ್ರ್ಯಾಗನ್ ಇಡೋಣ ಎಂದು ನಾನು ಪ್ರಸ್ತಾಪಿಸಿದಾಗ ಕ್ಲಬ್ಬಿನ ಹಿರಿಯರೊಬ್ಬರು, ರೈಲ್ವೆಯಲ್ಲಿ ಎಂಜಿನಿಯರ್ ಆಗಿ ನಿವೃತ್ತರಾದವರು, ತಮ್ಮ ಕನ್ನಡಕ ತೆಗೆದು ಒರೆಸಿದರು. ಅದು ಅವರು ಕೋಪಗೊಂಡಿದ್ದಾರೆ ಎಂಬುದರ ಸೂಚನೆ. “ನಾವು ಇತಿಹಾಸದ ಆಟದವರು. ಒಳಗೆ ಇಲ್ಲದ್ದನ್ನು ಬಾಗಿಲಲ್ಲಿ ನೇತುಹಾಕಿದರೆ ಅದಕ್ಕೆ ಮೋಸ ಎನ್ನುತ್ತಾರೆ” ಎಂದರು. ಅವರ ಮಾತಿನ ಎರಡನೆಯ ಭಾಗ ಸರಿಯಾಗಿಯೇ ಇತ್ತು. ಮುಂದಿನ ಕೆಲಸವೆಲ್ಲ ಆ ಮಾತಿಗೆ ಉತ್ತರ ಹುಡುಕುವುದೇ ಆಯಿತು.

ಮೊದಲ ಭಾಗಕ್ಕೆ ಮಾತ್ರ ಅಲ್ಲಿಯೇ ಉತ್ತರ ಕೊಟ್ಟೆ. ಡ್ರ್ಯಾಗನ್ನನ್ನು ಈ ಮೇಜಿಗೆ ಮೊದಲು ಹತ್ತಿಸಿದವರಲ್ಲಿ ಇತಿಹಾಸದ ಆಟದವರೇ ಪ್ರಮುಖರು. 1971ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಜೆಫ್ ಪೆರೆನ್ ಸೇರಿ ಹೊರತಂದ ‘ಚೈನ್‌ಮೇಲ್’ ಮಧ್ಯಯುಗದ ಕಾಳಗಗಳ ನಿಯಮಾವಳಿ. ಅದರ ಕೊನೆಗೆ ಮಾಂತ್ರಿಕರು, ದೈತ್ಯರು, ಡ್ರ್ಯಾಗನ್‌ಗಳ ಒಂದು ಅನುಬಂಧವನ್ನು ಸೇರಿಸಿದ್ದರು. ಆ ಅನುಬಂಧವೇ ಬೆಳೆದು 1974ರಲ್ಲಿ ‘ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್’ ಎಂಬ, ಆಟಗಾರರು ಪಾತ್ರಗಳಾಗಿ ಆಡುವ ಆಟವಾಯಿತು. ಆಗ ಅಂಗಡಿಯಲ್ಲಿ ಡ್ರ್ಯಾಗನ್ ಬೊಂಬೆ ಸಿಗುತ್ತಿರಲಿಲ್ಲ. ಗೈಗ್ಯಾಕ್ಸ್ ಒಂದು ಪ್ಲಾಸ್ಟಿಕ್ ಸ್ಟೆಗೊಸಾರಸ್ ಡೈನೋಸಾರನ್ನೇ ತಿದ್ದಿ ಡ್ರ್ಯಾಗನ್ ಮಾಡಿಕೊಂಡಿದ್ದರು. ಇಷ್ಟನ್ನು ಕೇಳಿದ ಮೇಲೆ ಹಿರಿಯರು ಕನ್ನಡಕ ಹಾಕಿಕೊಂಡರು. ಒಪ್ಪಿದರು ಎಂದಲ್ಲ, ತಡೆಯುವುದಿಲ್ಲ ಎಂದು.

ನಮಗೆ ಡೈನೋಸಾರ್ ಕತ್ತರಿಸುವ ಕಷ್ಟವಿರಲಿಲ್ಲ. ಕ್ಲಬ್ಬಿನ ಸದಸ್ಯರೊಬ್ಬರ ಮನೆಯಲ್ಲಿ ರೆಸಿನ್ ಎಂಬ ದ್ರವ ಪ್ಲಾಸ್ಟಿಕ್ಕಿನಿಂದ ಮೂರ್ತಿ ಮುದ್ರಿಸುವ ತ್ರಿಡಿ ಪ್ರಿಂಟರ್ ಇತ್ತು. ಮೂರ್ತಿಯ ಫೈಲನ್ನು ಹಣ ಕೊಟ್ಟು ಕೊಂಡು, ತಲೆ, ಮುಂಡ, ಬಾಲ, ಎರಡು ರೆಕ್ಕೆ ಎಂದು ಭಾಗಭಾಗವಾಗಿ ಮುದ್ರಿಸಿದೆವು. ಪ್ರಿಂಟರಿನಿಂದ ಹೊರಬಂದ ರೆಸಿನ್ ಅಂಟಂಟಾಗಿರುತ್ತದೆ, ಚರ್ಮಕ್ಕೆ ಒಳ್ಳೆಯದಲ್ಲ. ಕೈಗವಸು ಹಾಕಿಕೊಂಡೇ ಅದನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ತೊಳೆದು, ನೇರಳಾತೀತ ದೀಪದ ಕೆಳಗೆ ಇಟ್ಟು ಗಟ್ಟಿಗೊಳಿಸಬೇಕು. ಮಕ್ಕಳು ಮುಟ್ಟುವ ವಸ್ತುವಾದ್ದರಿಂದ ಈ ಹಂತದಲ್ಲಿ ನಾವು ಅವಸರಪಡಲಿಲ್ಲ. ಒಳಗೆ ಟೊಳ್ಳಾಗಿರುವ ಭಾಗಗಳಲ್ಲಿ ದ್ರವ ಉಳಿದುಕೊಂಡರೆ ತಿಂಗಳುಗಳ ನಂತರ ಬಿರುಕು ಬಿಡುವುದುಂಟು. ಅದಕ್ಕಾಗಿ ಹೊಟ್ಟೆಯ ಕೆಳಗೆ ದ್ರವ ಹರಿದುಹೋಗಲು ತೂತುಗಳನ್ನು ಬಿಟ್ಟಿದ್ದೆವು.

ರೆಕ್ಕೆಗಳನ್ನು ಅಂಟಿಸಲೇ ಇಲ್ಲ. ಬುಡದಲ್ಲಿ ಕುಳಿ ಕೊರೆದು ಸಣ್ಣ ನಿಯೋಡೈಮಿಯಂ ಆಯಸ್ಕಾಂತಗಳನ್ನು ಕೂರಿಸಿದೆವು. ಎರಡು ಲಾಭ. ಪೆಟ್ಟಿಗೆಯಲ್ಲಿ ಒಯ್ಯುವಾಗ ರೆಕ್ಕೆ ಬಿಚ್ಚಿಡಬಹುದು. ಯಾವುದಾದರೂ ಮಗು ರೆಕ್ಕೆ ಹಿಡಿದು ಎತ್ತಿದರೆ ಅದು ಮುರಿಯುವುದಿಲ್ಲ, ಕಳಚಿಕೊಳ್ಳುತ್ತದೆ. ಕಳಚಿದ ರೆಕ್ಕೆ ಟಕ್ಕೆಂದು ಮತ್ತೆ ಕೂರುವುದನ್ನು ನೋಡುವುದೇ ಮಕ್ಕಳಿಗೆ ಇನ್ನೊಂದು ಆಟ. ಆಯಸ್ಕಾಂತದ ಯಾವ ಮುಖ ಯಾವ ಕಡೆಗೆ ಎಂದು ಅಂಟು ಹಾಕುವ ಮೊದಲೇ ಮಾರ್ಕರಿನಲ್ಲಿ ಗುರುತು ಹಾಕಿಕೊಳ್ಳುವುದು ಒಳ್ಳೆಯದು, ಇಲ್ಲವಾದರೆ ರೆಕ್ಕೆ ಮೈಯಿಂದ ದೂರ ನೆಗೆಯುತ್ತದೆ.

ಬಣ್ಣದ ವಿಷಯದಲ್ಲಿ ನನಗೆ ನೆರವಾದದ್ದು ಇಲ್ಲಿನ ಯಾವ ಗುರುವೂ ಅಲ್ಲ, ಊರಿನ ಯಕ್ಷಗಾನದ ಚೌಕಿ. ರಾಕ್ಷಸನ ಬಣ್ಣದ ವೇಷವನ್ನು ಹತ್ತಿರದಿಂದ ನೋಡಿದವರಿಗೆ ಗೊತ್ತಿದೆ: ಅಕ್ಕಿಹಿಟ್ಟು, ಸುಣ್ಣ ಕಲಸಿ ಮುಖದ ಮೇಲೆ ಮುಳ್ಳುಮುಳ್ಳಾಗಿ ಇಡುವ ಚಿಟ್ಟಿ ಕನ್ನಡಿಯ ಮುಂದೆ ಅತಿಯೆನ್ನಿಸುತ್ತದೆ. ಆದರೆ ರಂಗಸ್ಥಳದ ಬೆಳಕಿನಲ್ಲಿ, ಗದ್ದೆಯ ಕೊನೆಯಲ್ಲಿ ಚಾಪೆ ಹಾಸಿ ಕುಳಿತವನಿಗೆ ಕಾಣಬೇಕಾದರೆ ಅಷ್ಟು ಬೇಕೇ ಬೇಕು. ಪ್ರದರ್ಶನ ಸಭಾಂಗಣದಲ್ಲಿಯೂ ಲೆಕ್ಕ ಅದೇ. ಬೆಳಕು ಎತ್ತರದ ಚಾವಣಿಯಿಂದ ಮಂಕಾಗಿ ಬೀಳುತ್ತದೆ. ಸ್ಪರ್ಧೆಗೆ ಹಚ್ಚುವ ಹಾಗೆ ನಯವಾಗಿ ಬಣ್ಣ ಬೆರೆಸಿದರೆ ದೂರಕ್ಕೆ ಎಲ್ಲವೂ ಒಂದೇ ಕಂದು. ಮೊದಲು ಪೂರ್ತಿ ಕಪ್ಪು ಪ್ರೈಮರ್, ಮೇಲಿನಿಂದ ಮಾತ್ರ ಬಿಳಿ ಸ್ಪ್ರೇ, ಅದರ ಮೇಲೆ ತೆಳುವಾದ ಕೆಂಪು. ಹೀಗೆ ಮಾಡಿದರೆ ಬೆನ್ನು ಹೊಳೆಯುತ್ತದೆ, ಹೊಟ್ಟೆಯ ಮಡಿಕೆಗಳು ತಾವಾಗಿ ಕಪ್ಪಾಗುತ್ತವೆ. ಹುರುಪೆಗಳ ತುದಿಗೆ ಒಣಕುಂಚದಲ್ಲಿ ಕಿತ್ತಳೆ, ಎದೆಗೆ ಬೆಣ್ಣೆಹಳದಿ, ರೆಕ್ಕೆಯ ಅಂಚಿಗೆ ನಾಚಿಕೆಯಿಲ್ಲದ ಬಿಳಿಗೆರೆ. ಕ್ಲಬ್ಬಿನ ಒಳ್ಳೆಯ ಪೇಂಟರೊಬ್ಬರು ಅದನ್ನು ಕೈಯಲ್ಲಿ ಹಿಡಿದು “ಗೆರೆ ಸ್ವಲ್ಪ ಒರಟಾಯಿತಲ್ಲವೇ” ಎಂದರು. ಮೇಜಿನ ಮೇಲಿಟ್ಟು ಬಾಗಿಲ ಬಳಿ ಹೋಗಿ ನಿಲ್ಲಲು ಹೇಳಿದೆ. ಅಲ್ಲಿಂದ ಅವರು ಹೆಬ್ಬೆರಳೆತ್ತಿದರು. ಕೊನೆಗೆ ಎರಡು ಪದರ ಮಂದ ವಾರ್ನಿಷ್, ಕಣ್ಣಿಗೆ ಮತ್ತು ನಾಲಿಗೆಗೆ ಮಾತ್ರ ಹೊಳಪಿನದು.

ಕೆಂಪನ್ನೇ ಆರಿಸಿದ್ದಕ್ಕೆ ಇನ್ನೊಂದು ಕಾರಣವಿತ್ತು. ಅದನ್ನು ಮುಂದೆ ಹೇಳುತ್ತೇನೆ.

ಡ್ರ್ಯಾಗನ್ ಇಟ್ಟ ಮೊದಲ ಪ್ರದರ್ಶನದಲ್ಲಿ ಜನ ನಿಂತರು. ನಿಂತು ಫೋಟೊ ತೆಗೆದರು. ಮಗುವನ್ನು ಪಕ್ಕದಲ್ಲಿ ನಿಲ್ಲಿಸಿ ಇನ್ನೊಂದು ತೆಗೆದರು. ಹೋದರು. ನಮ್ಮ ಹಿರಿಯರಿಗೆ ಆ ದಿನ ಬಲು ಸಂತೋಷ. ಮೇಜಿನ ನಟ್ಟನಡುವೆ, ಗುಡ್ಡದ ನೆತ್ತಿಯಲ್ಲಿ, ದಾರಿಯ ಕಡೆಗೆ ಮುಖಮಾಡಿ ರೆಕ್ಕೆ ಬಿಚ್ಚಿ ನಿಂತ ಡ್ರ್ಯಾಗನ್ ನೋಡುವ ವಸ್ತುವಾಗಿತ್ತು. ಅದು ಏನನ್ನೋ ಮಾಡುತ್ತಿದೆ ಎಂದು ಯಾರಿಗೂ ಅನ್ನಿಸುವಂತಿರಲಿಲ್ಲ. ವಸ್ತುಸಂಗ್ರಹಾಲಯದಲ್ಲಿ ಗಾಜಿನೊಳಗಿನ ಕತ್ತಿಯನ್ನು ಯಾರೂ ಬೀಸಿ ನೋಡಲು ಕೇಳುವುದಿಲ್ಲ.

ಆಗ ಬಂದವು ಕುರಿಗಳು. ಇದು ನನ್ನ ಕಲ್ಪನೆಯಲ್ಲ, ಡ್ರ್ಯಾಗನ್ನನ್ನು ಕೊಂದ ಸಂತ ಜಾರ್ಜನ ಕಥೆಯದ್ದು. ಮಧ್ಯಯುಗದ ಸಂತಚರಿತೆಯ ಪ್ರಕಾರ ಲಿಬಿಯಾದ ಸೈಲೀನ್ ಎಂಬ ಊರಿನವರು ತಮ್ಮ ಕೆರೆಯಲ್ಲಿದ್ದ ಡ್ರ್ಯಾಗನ್ನಿಗೆ ದಿನಕ್ಕೆ ಎರಡು ಕುರಿ ಕೊಡುತ್ತಿದ್ದರು. ಕುರಿ ಮುಗಿಯುತ್ತ ಬಂದಾಗ ಚೀಟಿ ಎತ್ತಿ ಮನುಷ್ಯರನ್ನು ಕಳಿಸತೊಡಗಿದರು, ಕೊನೆಗೆ ರಾಜಕುಮಾರಿಯ ಸರದಿ ಬಂತು. ಬಕಾಸುರನ ಕಥೆ ಕೇಳಿ ಬೆಳೆದ ನನಗೆ ಇದು ಹೊಸದೆನ್ನಿಸಲಿಲ್ಲ. ಜಾರ್ಜ್ ಬರುವುದಕ್ಕೆ ಮೊದಲಿನ ಕುರಿಗಳ ಘಟ್ಟವನ್ನೇ ಆಟ ಮಾಡಿದೆವು. ಡ್ರ್ಯಾಗನ್ ಕುರಿ ತಿನ್ನಬೇಕು, ಯೋಧರು ಕಾಯಬೇಕು. ವಿವರಣೆ ಮುಗಿಯಿತು. ಇದಕ್ಕಿಂತ ಚಿಕ್ಕ ವಿವರಣೆಯ ಯುದ್ಧದಾಟವನ್ನು ನಾನು ಇದುವರೆಗೆ ನೋಡಿಲ್ಲ.

ಡ್ರ್ಯಾಗನ್ನನ್ನು ತಿರುಗಿಸಿಯೂ ಇಟ್ಟೆವು. ಈಗ ಅದು ದಾರಿಗೆ ಬೆನ್ನು ಹಾಕಿ, ಮೇಜಿನ ಅಂಚಿನಲ್ಲೇ, ತಲೆ ತಗ್ಗಿಸಿ ಕುರಿಹಟ್ಟಿಯ ಕಡೆಗೆ ನೋಡುತ್ತಿತ್ತು. ದಾರಿಯಲ್ಲಿ ಬರುವವರಿಗೆ ಕಾಣುವುದು ಬಿಚ್ಚಿದ ಕೆಂಪು ರೆಕ್ಕೆ, ನಡುವೆ ಬೆನ್ನಿನ ಮುಳ್ಳುಸಾಲು, ಆಚೆಗೆ ಬಿಳಿ ಕುರಿಗಳು. ಮುಖ ನೋಡಬೇಕಾದರೆ ಬಗ್ಗಬೇಕು, ಬಗ್ಗಬೇಕಾದರೆ ಹತ್ತಿರ ಬರಬೇಕು. ಹತ್ತಿರ ಬಂದವರು ತಮಗೆ ತಿಳಿಯದೆಯೇ ಡ್ರ್ಯಾಗನ್ನಿನ ಪಕ್ಷದಲ್ಲಿ ನಿಂತಿರುತ್ತಾರೆ. ಆ ಬದಿಯಲ್ಲಿ ನಮ್ಮವರು ಯಾರೂ ನಿಲ್ಲಬಾರದು ಎಂದು ಕಟ್ಟುನಿಟ್ಟು ಮಾಡಿದೆವು. ಎರಡು ಖಾಲಿ ಕುರ್ಚಿ, ಮೇಜಿನ ಮೇಲೆ ಆಗತಾನೆ ಯಾರೋ ಎಸೆದು ಹೋದಂತೆ ಎರಡು ದಾಳ.

ಕರೆಯುವ ರೀತಿಯೂ ಬದಲಾಯಿತು. “ಆಡುತ್ತೀರಾ?” ಎಂದು ಕೇಳಿದರೆ ನೂರಕ್ಕೆ ತೊಂಬತ್ತು ಮಂದಿ “ಬೇಡ, ಸುಮ್ಮನೆ ನೋಡುತ್ತಿದ್ದೇವೆ” ಎನ್ನುತ್ತಾರೆ. ಆಟ ಗೊತ್ತಿಲ್ಲದವನಿಗೆ ಅದು ಪರೀಕ್ಷೆಗೆ ಕರೆದ ಹಾಗೆ ಕೇಳಿಸುತ್ತದೆ. ನಾವು ಮಗುವಿನ ಕಡೆಗೆ ಬಾಗಿ “ಇದಕ್ಕೆ ತುಂಬ ಹಸಿವು. ಬೇಲಿಯ ಹತ್ತಿರದ ಕುರಿ ತಿನ್ನಲೋ, ಆ ದಪ್ಪ ಕುರಿಯೋ?” ಎಂದು ಕೇಳತೊಡಗಿದೆವು. ಮಗು ಕೈ ತೋರಿಸಿತು ಎಂದರೆ ಆಟ ಶುರುವಾದಂತೆಯೇ. ಅಳತೆಪಟ್ಟಿ ಅದರ ಕೈಗೆ ಹೋಗುತ್ತದೆ, ಡ್ರ್ಯಾಗನ್ನೂ ಹೋಗುತ್ತದೆ.

ಮುಟ್ಟಗೊಡುವುದು ಸಣ್ಣ ವಿಷಯವಲ್ಲ. ಈ ಹವ್ಯಾಸದಲ್ಲಿ ಇನ್ನೊಬ್ಬರ ಬೊಂಬೆಯನ್ನು ಕೇಳದೆ ಮುಟ್ಟುವುದು ದೊಡ್ಡ ಅಪಚಾರ. ಪ್ರದರ್ಶನದ ಅರ್ಧ ಮೇಜುಗಳ ಮೇಲೆ ‘ದಯವಿಟ್ಟು ಮುಟ್ಟಬೇಡಿ’ ಎಂಬ ಚೀಟಿ ಇರುತ್ತದೆ. ಒಮ್ಮೆ ಒಬ್ಬ ಹುಡುಗ ರೆಕ್ಕೆಯತ್ತ ಕೈ ಚಾಚಿದಾಗ ಹಿಂದಿನಿಂದ “ಏಯ್, ಮುಟ್ಟಬೇಡ, ಬೈಯುತ್ತಾರೆ” ಎಂದು ಅಪ್ಪಟ ಕನ್ನಡ ಕೇಳಿಸಿತು. “ಮುಟ್ಟಲಿ ಬಿಡಿ ಸಾರ್, ಮುಟ್ಟುವುದಕ್ಕೇ ಇಟ್ಟಿರುವುದು” ಎಂದೆ. ಆ ತಂದೆ ನನ್ನನ್ನೂ ಡ್ರ್ಯಾಗನ್ನನ್ನೂ ಒಂದೇ ಬೆರಗಿನಿಂದ ನೋಡಿದರು. ದಾವಣಗೆರೆಯ ಕಡೆಯವರು, ಲೆಸ್ಟರ್‌ನಲ್ಲಿ ಮನೆ. “ಇದೆಲ್ಲ ಎಷ್ಟಾಗುತ್ತದೆ?” ಎಂಬುದು ಅವರ ಮೊದಲ ಪ್ರಶ್ನೆ. ಮಾರಾಟಕ್ಕಿಲ್ಲ ಎಂದಾಗ ಸಮಾಧಾನದಿಂದ ಕುಳಿತರು. ನಾವೇನೂ ಮಾರದಿರುವುದು ಎಷ್ಟು ದೊಡ್ಡ ಅನುಕೂಲ ಎಂದು ಆಗ ತಿಳಿಯಿತು. ಅಂದಿನಿಂದ ಅದನ್ನು ಫಲಕದಲ್ಲಿಯೇ ಬರೆದು ಹಾಕಿದ್ದೇವೆ.

ನಿಯಮಗಳನ್ನು ಕತ್ತರಿಸುವುದು ಬಣ್ಣ ಹಚ್ಚುವುದಕ್ಕಿಂತ ಹೆಚ್ಚು ಜಗಳದ ಕೆಲಸವಾಯಿತು. ಕ್ಲಬ್ಬಿನಲ್ಲಿ ನಾವು ಆಡುವ ಮಧ್ಯಯುಗದ ನಿಯಮದಲ್ಲಿ ಪಡೆಯೊಂದು ಚಲಿಸಬೇಕಾದರೆ ಎರಡು ದಾಳ ಎಸೆದು ನಿಗದಿತ ಸಂಖ್ಯೆ ಮುಟ್ಟಬೇಕು. ಮುಟ್ಟದಿದ್ದರೆ ಆ ಸುತ್ತಿನ ಸರದಿಯೇ ಮುಗಿಯಿತು. ಅನುಭವಿಗಳಿಗೆ ಇದು ರೋಮಾಂಚನ. ಎಂಟು ವರ್ಷದ ಮಗು ಮೊದಲ ಎಸೆತದಲ್ಲೇ ಸೋತು, ಡ್ರ್ಯಾಗನ್ ಕದಲದೆ, ಸರದಿ ಅಪ್ಪನಿಗೆ ಹೋದರೆ ಅದರ ಮುಖವನ್ನು ನೋಡಲಾಗದು. ಏಳು ಅಥವಾ ಹೆಚ್ಚು ಬೀಳುವ ಸಾಧ್ಯತೆ 36ರಲ್ಲಿ 21, ಐದು ಅಥವಾ ಹೆಚ್ಚು ಎಂದರೆ 36ರಲ್ಲಿ 30. ಡ್ರ್ಯಾಗನ್ನಿಗೆ ಐದು ಸಾಕು ಎಂದು ಮಾಡಿದೆವು. ಸೋತರೆ ಹಾರುವಂತಿಲ್ಲ, ಆದರೆ ನಡೆಯಬಹುದು ಎಂದು ಇನ್ನೊಂದು ರಿಯಾಯಿತಿ. ಹಿರಿಯರು ಇದನ್ನು ಲಂಚ ಎಂದು ಕರೆದರು. ಇರಲಿ.

ಬೆಂಕಿಗೆ ಹನಿಯಾಕಾರದ ಒಂದು ರಟ್ಟಿನ ತುಂಡು, ಕಿತ್ತಳೆ ಬಣ್ಣದ್ದು. ಚೂಪು ತುದಿಯನ್ನು ಡ್ರ್ಯಾಗನ್ನಿನ ಬಾಯಿಗೆ ತಾಗಿಸಿ ಇಡಬೇಕು. ಅದರ ಕೆಳಗೆ ಯಾರು ಬಂದರೋ ಅವರಿಗೆಲ್ಲ ಒಂದೊಂದು ದಾಳ. ಕೋಷ್ಟಕ, ಕೂಡುವಿಕೆ, ಕಳೆಯುವಿಕೆ ಯಾವುದೂ ಬೇಡ. ಹಳೆಯ ವಾರ್‌ಹ್ಯಾಮರಿನಲ್ಲಿ ಇಂಥ ರಟ್ಟಿನ ಆಕಾರಗಳು ಬಳಕೆಯಲ್ಲಿದ್ದವು. ಯಾರಿಗೆ ತಾಗಿತು, ಯಾರಿಗಿಲ್ಲ ಎಂಬ ವಾದ ಏಳುತ್ತದೆ ಎಂಬುದು ಅವುಗಳ ಮೇಲಿನ ದೂರು. ಪ್ರಾತ್ಯಕ್ಷಿಕೆಯಲ್ಲಿ ಆ ವಾದವೇ ನಮಗೆ ಬೇಕಾದದ್ದು. ತಲೆ ಬಗ್ಗಿಸಿ, ಒಂದು ಕಣ್ಣು ಮುಚ್ಚಿ, “ಇವನ ಕಾಲು ಒಳಗಿದೆ” ಎನ್ನುವ ಮಗು ಇನ್ನು ಎದ್ದು ಹೋಗುವುದಿಲ್ಲ.

ಹಾಗೆಂದು ಡ್ರ್ಯಾಗನ್ ಸದಾ ಗೆಲ್ಲುವಂತೆಯೂ ಇರಬಾರದು, ಯೋಧರ ಕಡೆ ಕುಳಿತ ತಾಯಿಯೋ ತಂದೆಯೋ ಬೇಸರಪಡುತ್ತಾರೆ. ಮನೆಗೆ ಹೋದ ಮೇಲೆ ಮತ್ತೆ ಆಡೋಣವೇ ಬೇಡವೇ ಎಂದು ತೀರ್ಮಾನಿಸುವವರು ಅವರೇ. ಇದಕ್ಕೆ ಕ್ಲಬ್ಬಿನ ಕಿರಿಯ ಸದಸ್ಯೆಯೊಬ್ಬಳು ಕಂಡುಹಿಡಿದ ಉಪಾಯ ನನಗೆ ಈಗಲೂ ಅತ್ಯಂತ ಪ್ರಿಯ: ಮೂರು ಕುರಿ ತಿಂದ ಮೇಲೆ ಡ್ರ್ಯಾಗನ್ನಿಗೆ ಹೊಟ್ಟೆ ಭಾರ. 12 ಇಂಚು ಹಾರುತ್ತಿದ್ದದ್ದು ಆರೇ ಇಂಚು. ಗೆಲುವು ಹತ್ತಿರ ಬಂದಂತೆ ಅಪಾಯವೂ ಹತ್ತಿರ. ಇನ್ನೊಂದು ಕುರಿಗೆ ಆಸೆಪಡಬೇಕೋ, ಗುಡ್ಡಕ್ಕೆ ಮರಳಬೇಕೋ ಎಂದು ಮಗು ಮೊದಲ ಬಾರಿಗೆ ಯೋಚಿಸುವುದು ಆಗ. ಡ್ರ್ಯಾಗನ್ನಿನ ಜೀವವನ್ನು ಕೆಂಪು ಗಾಜಿನ ಮಣಿಗಳಲ್ಲಿ ಎಣಿಸುತ್ತೇವೆ. ಪೆಟ್ಟು ಬಿದ್ದಾಗ ಮಣಿಯನ್ನು ಎದುರಾಳಿಯ ಅಂಗೈಗೆ ಇಡಬೇಕು. ಹದಿನೈದು ನಿಮಿಷದಲ್ಲಿ ಆಟ ಮುಗಿಯುತ್ತದೆ, ಇಪ್ಪತ್ತಕ್ಕೆ ಎಳೆದರೆ ತಾಯಿಯ ಕಣ್ಣು ಮತ್ತೆ ಗಡಿಯಾರಕ್ಕೆ ಹೋಗುತ್ತದೆ.

ಗುಡ್ಡದ ನೆತ್ತಿಯಲ್ಲಿ ಹುಲ್ಲಿಲ್ಲದ ಒಂದು ಬಿಳಿ ಜಾಗವಿದೆ. ಆಕ್ಸ್‌ಫರ್ಡ್‌ಶೈರಿನ ಅಫಿಂಗ್ಟನ್ ಬಳಿ, ಸುಣ್ಣಕಲ್ಲಿನಲ್ಲಿ ಕೊರೆದ ಪ್ರಾಚೀನ ಬಿಳಿ ಕುದುರೆಯ ಕೆಳಗೆ ಇರುವ ‘ಡ್ರ್ಯಾಗನ್ ಹಿಲ್’ನ ನಕಲು ಅದು. ಜಾರ್ಜ್ ಡ್ರ್ಯಾಗನ್ನನ್ನು ಕೊಂದದ್ದು ಅಲ್ಲಿಯೇ, ಅದರ ರಕ್ತ ಬಿದ್ದ ಜಾಗದಲ್ಲಿ ಇಂದಿಗೂ ಹುಲ್ಲು ಬೆಳೆಯುವುದಿಲ್ಲ ಎಂದು ಜನ ಹೇಳುತ್ತಾರೆ. ದಾಳ ಹುಡುಕುವ, ಕುರಿ ಎಣಿಸುವ ಬಿಡುವಿನಲ್ಲಿ ಹೇಳಲು ಇಂಥ ಒಂದು ಸಂಗತಿ ಕೈಯಲ್ಲಿರಬೇಕು. ಆಟಕ್ಕೆ ಮೊದಲು ಹೇಳಿದರೆ ಪಾಠ, ನಡುವೆ ಹೇಳಿದರೆ ಕಥೆ.

ಇನ್ನು ಹಿರಿಯರ ಆ ಆಕ್ಷೇಪ, ಒಳಗಿಲ್ಲದ್ದನ್ನು ಬಾಗಿಲಿಗೆ ನೇತುಹಾಕುವುದು. ಕೆಂಪು ಬಣ್ಣದ ಕಾರಣ ಇಲ್ಲಿದೆ. ಏಳನೆಯ ಹೆನ್ರಿ 1485ರಲ್ಲಿ ಬಾಸ್ವರ್ತ್ ಕಾಳಗದಲ್ಲಿ ಗೆದ್ದು ಲಂಡನ್ನಿಗೆ ಬಂದಾಗ ಸಂತ ಪಾಲನ ಇಗರ್ಜಿಗೆ ಒಪ್ಪಿಸಿದ ಧ್ವಜಗಳಲ್ಲಿ ಒಂದು, ಬಿಳಿ ಮತ್ತು ಹಸಿರು ರೇಷ್ಮೆಯ ಮೇಲಿನ ಕೆಂಪು ಡ್ರ್ಯಾಗನ್. ವೇಲ್ಸ್ ಮೂಲದ ಟ್ಯೂಡರ್ ಮನೆತನದವನಾದ ಅವನು ವೇಲ್ಸಿನ ಪುರಾತನ ದೊರೆ ಕ್ಯಾಡ್ವಲಾಡರನ ಲಾಂಛನವೆಂದು ಅದನ್ನು ಹಿಡಿದಿದ್ದ. 1959ರಲ್ಲಿ ಅಧಿಕೃತವಾದ ಇಂದಿನ ವೇಲ್ಸ್ ಧ್ವಜದಲ್ಲಿಯೂ ಅದೇ ಬಿಳಿ, ಅದೇ ಹಸಿರು, ಅದೇ ಕೆಂಪು. ಕುರಿ ಕಾಯುವ ನಮ್ಮ ಯೋಧರಲ್ಲಿ ಒಬ್ಬನ ಕೈಗೆ ಅದೇ ಬಾವುಟ ಕೊಟ್ಟೆವು. ಡ್ರ್ಯಾಗನ್ನಿನ ವಿರುದ್ಧ ಹೋರಾಡುವವರ ಬಾವುಟದಲ್ಲಿಯೇ ಡ್ರ್ಯಾಗನ್. ಯಾರಾದರೂ ಒಬ್ಬರು ಇದನ್ನು ಗಮನಿಸಿಯೇ ಗಮನಿಸುತ್ತಾರೆ. ಹೆಚ್ಚಾಗಿ ಮಗುವೇ, ಕೆಲವೊಮ್ಮೆ ತಾಯಿ. “ಇವರೇಕೆ ಶತ್ರುವಿನ ಬಾವುಟ ಹಿಡಿದಿದ್ದಾರೆ?”

ಉತ್ತರ ಪಕ್ಕದ ಮೇಜಿನಲ್ಲಿದೆ. ಸ್ಟೋಕ್ ಫೀಲ್ಡಿನಲ್ಲಿ ರಾಜನ ಪಡೆಯ ಮೇಲೆ ಅದೇ ಬಾವುಟ ಹಾರುತ್ತಿರುತ್ತದೆ. ಅಲ್ಲಿ ಆಟ ನಡೆಸುವವರು ನಮ್ಮ ಹಿರಿಯರೇ. ಕುರಿಗಳ ಮೇಜಿನಿಂದ ದಾಟಿ ಬಂದ ಮಗುವಿಗೆ ಅವರು ಮೊದಲು ತೋರಿಸುವುದು ಲ್ಯಾಂಬರ್ಟ್ ಸಿಮ್ನೆಲ್‌ನ ಬೊಂಬೆಯನ್ನು. “ಇವನು ನಿನ್ನಷ್ಟೇ ಇದ್ದ. ದೊಡ್ಡವರು ಇವನನ್ನು ರಾಜ ಎಂದರು. ಸೋತರೆ ಇವನ ಗತಿ ಏನು ಹೇಳು?” ಮಕ್ಕಳು ತಲೆ ಕಡಿಯುವುದು, ಸೆರೆಮನೆ, ಡ್ರ್ಯಾಗನ್ನಿಗೆ ಹಾಕುವುದು ಎಂದೆಲ್ಲ ಹೇಳುತ್ತಾರೆ. ಹೆನ್ರಿ ಅವನನ್ನು ಕ್ಷಮಿಸಿ ಅರಮನೆಯ ಅಡುಗೆಮನೆಯಲ್ಲಿ ಮಾಂಸ ಸುಡುವ ಸರಳು ತಿರುಗಿಸಲು ಹಾಕಿದ, ಮುಂದೆ ಅವನು ರಾಜನ ಗಿಡುಗ ಸಾಕುವವನಾದ ಎಂದಾಗ ಮಕ್ಕಳಿಗೆ ಸ್ವಲ್ಪ ನಿರಾಶೆಯಾಗುತ್ತದೆ, ತಾಯಂದಿರಿಗೆ ಸಮಾಧಾನ. ಆ ಹೊತ್ತಿಗೆ ಅವರು ಕುಳಿತಾಗಿರುತ್ತದೆ. ದಾಳ ಎಸೆಯುವುದು, ಅಳೆಯುವುದು ಎರಡೂ ಈಗಾಗಲೇ ಗೊತ್ತು. ಹೊಸದಾಗಿ ಕಲಿಸಬೇಕಾದದ್ದು ಬಿಲ್ಲುಗಾರರ ಬಗ್ಗೆ ಮಾತ್ರ. ಕವಚವಿಲ್ಲದ ಐರಿಷ್ ಪಡೆಯ ಮೇಲೆ ಬಾಣದ ಮಳೆ ಬಿದ್ದಾಗ ಏನಾಯಿತೋ ಅದೇ ಮೇಜಿನ ಮೇಲೂ ಆಗುತ್ತದೆ.

ಎಲ್ಲರೂ ದಾಟುವುದಿಲ್ಲ. ಬಹಳಷ್ಟು ಕುಟುಂಬಗಳು ಕುರಿಗಳ ಆಟ ಮುಗಿಸಿ ನಗುನಗುತ್ತ ಹೋಗುತ್ತವೆ, ಅದೂ ಸರಿಯೇ. ಕ್ಲಬ್ಬಿನ ವಿಳಾಸದ ಚೀಟಿ ಹಿಡಿದು ಮುಂದಿನ ವಾರ ಬಂದವರಲ್ಲಿ ಕೆಲವರು ಬಾಗಿಲಲ್ಲೇ “ಡ್ರ್ಯಾಗನ್ ಎಲ್ಲಿ?” ಎಂದು ಕೇಳಿದರು. ಅದು ಪೆಟ್ಟಿಗೆಯಲ್ಲಿದೆ, ಪ್ರದರ್ಶನಕ್ಕೆ ಮಾತ್ರ ಎಂದು ಹೇಳಿದರೆ ಹಿರಿಯರ ಮಾತು ನಿಜವಾಗಿಬಿಡುತ್ತಿತ್ತು. ಈಗ ಪ್ರತಿ ತಿಂಗಳ ಮೊದಲ ಕೂಟದಲ್ಲಿ ಕುರಿಗಳ ಮೇಜು ಕಡ್ಡಾಯ. ಅಲ್ಲಿಂದ ಒಂದಿಬ್ಬರು ಹುಡುಗರು ಶ್ವಾರ್ಟ್ಸ್‌ನ ಜರ್ಮನ್ನರ ಕಡೆಗೆ ಹೋಗಿದ್ದಾರೆ, ಇಬ್ಬರು ಮೂವರು ಮಾಂತ್ರಿಕ ಲೋಕದಲ್ಲೇ ಉಳಿದಿದ್ದಾರೆ. ಮಗನನ್ನು ಬಿಡಲು ಬಂದು ಕಾಯುತ್ತ ಕುಳಿತಿದ್ದ ತಾಯಿಯೊಬ್ಬರು ಈಗ ಆಕ್ಸ್‌ಫರ್ಡಿನ ಅರ್ಲ್ ಆಗಿ ರಾಜನ ಮುಂಚೂಣಿಯನ್ನು ನಡೆಸುತ್ತಾರೆ. ಮಗ ಫುಟ್‌ಬಾಲ್ ಸೇರಿದ. ಅವರು ಬರುವುದನ್ನು ನಿಲ್ಲಿಸಲಿಲ್ಲ.

ಸಾಮಾನಿನ ವಿಚಾರದಲ್ಲಿ ಎರಡು ಮಾತು. ಡ್ರ್ಯಾಗನ್ನಿಗೆ ಏನೂ ಆಗುವುದಿಲ್ಲ. ಕೊಂಬಿನ ತುದಿಯ ಬಣ್ಣ ಸವೆಯುತ್ತದೆ, ಪ್ರತಿ ಪ್ರದರ್ಶನದ ನಂತರ ಕುಂಚ ಮುಟ್ಟಿಸಬೇಕು, ಅಷ್ಟೇ. ಕಳೆದುಹೋಗುವುದು ಕುರಿಗಳು. ಅವು ಸಣ್ಣವು, ಮುದ್ದಾಗಿವೆ, ಜೇಬಿಗೆ ಸರಿಯಾಗಿ ಹೊಂದುತ್ತವೆ. ಅವುಗಳ ಕೆಳಗೆ ಆಯಸ್ಕಾಂತದ ಹಾಳೆ ಅಂಟಿಸಿ ನೋಡಿದೆವು, ಆಗಲೂ ಹೋದವು. ಈಗ ಹೆಚ್ಚುವರಿ ಕುರಿಗಳನ್ನು ಒಯ್ಯುತ್ತೇವೆ. ಚೆನ್ನಾಗಿ ಆಡಿದ ಮಗುವಿಗೆ ಒಂದನ್ನು ನಾವೇ ಕೊಡಲು ಶುರುಮಾಡಿದ ಮೇಲೆ ಕಳ್ಳತನವೂ ಕಡಿಮೆಯಾಗಿದೆ.

ಈಗ ಕ್ಲಬ್ಬಿನಲ್ಲಿ ನಡೆಯುತ್ತಿರುವ ವಾದ ಎರಡನೆಯ ಡ್ರ್ಯಾಗನ್ನಿನದು. ಹಸಿರು ಬೇಕು, ಇನ್ನೂ ದೊಡ್ಡದು ಬೇಕು, ರಟ್ಟಿನ ಬೆಂಕಿಯ ಬದಲು ಬಾಯಲ್ಲಿ ಎಲ್‌ಇಡಿ ದೀಪ ಬೇಕು ಎಂದು ಕಿರಿಯರ ಒತ್ತಾಯ. ನಾನು ವಿರೋಧಿಸುತ್ತಿದ್ದೇನೆ. ಎರಡು ಡ್ರ್ಯಾಗನ್ ಇದ್ದರೆ ಮಕ್ಕಳು ಒಂದನ್ನು ಇನ್ನೊಂದಕ್ಕೆ ಕಾದಾಡಿಸುತ್ತಾರೆ, ಕುರಿಗಳು ಹಾಗೆಯೇ ಉಳಿಯುತ್ತವೆ, ಬಾವುಟದ ಕಡೆಗೆ ಯಾರೂ ನೋಡುವುದಿಲ್ಲ. ದೀಪ ಹಾಕಿದರೆ ಮತ್ತೆ ಫೋಟೊದವರೇ ತುಂಬುತ್ತಾರೆ. ಹೊಸದೇನಾದರೂ ಮಾಡಲೇಬೇಕೆಂದಿದ್ದರೆ ಕುರಿನಾಯಿ ಮಾಡೋಣ, ಯೋಧರ ಕಡೆಯವರಿಗೂ ಕೈಯಲ್ಲಿ ಹಿಡಿಯಲು ಒಂದು ಮುದ್ದಾದ ವಸ್ತು ಸಿಗುತ್ತದೆ ಎಂದು ಹೇಳಿದ್ದೇನೆ. ಫೈಲ್ ಕೊಂಡಾಗಿದೆ, ಪ್ರಿಂಟರಿನ ತಟ್ಟೆಯಲ್ಲಿ ಒಂದು ಸಲಕ್ಕೆ ಹನ್ನೆರಡು ನಾಯಿ ಹಿಡಿಸುತ್ತವೆ.